ಅತ್ತೆಗೆ ಬಿಟ್ಟ ಅಂಚು

ಯಲಹಂಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೆಂಗಸು ಸಿಟ್ಟು ಬಂದಾಗ ದನಿ ಏರಿಸುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಯಾರನ್ನ ಕೇಳಿ ಮಾಡಿದ್ರಿ?" ಎನ್ನುತ್ತಿದ್ದರು. ನೀರು ಬೆರೆಸಿದ ಹಾಲಿನವನಿಗೂ ಗಂಡನಿಗೂ ಅದೇ ಮಾತು.

ಐವತ್ತರ ದಶಕದ ಕೊನೆಗೆ ಊರಿನ ವಾಚನಾಲಯದವರು ಹಳೆಯ ಮನೆತನಗಳ ಕಾಗದಪತ್ರ ಕೂಡಿಡತೊಡಗಿದರು. ಗಂಡ ಸೈನ್ಯದಲ್ಲಿದ್ದಾಗ ಅವರಿಗೆ ಮಾವ ಬರೆದಿದ್ದ ಕಾಗದಗಳನ್ನೆಲ್ಲ ಆಕೆ ಅಲ್ಲಿಗೆ ಕೊಟ್ಟರು. ಮುಂದೊಂದು ದಿನ ಅವನ್ನು ನೋಡಲು ಹೋದಾಗ ಜೊತೆಗೆ ನಾನೂ ಇದ್ದೆ. ವಾಚನಾಲಯದ ಕಾರ್ಯದರ್ಶಿಗಳು ಎಲ್ಲ ಹಾಳೆಗಳ ಅಂಚನ್ನೂ ಸಮನಾಗಿ ಕತ್ತರಿಸಿ, ಪುಸ್ತಕದಂತೆ ರಟ್ಟು ಹಾಕಿಸಿದ್ದರು.

ಆಕೆ ಸೆರಗು ಸಿಕ್ಕಿಸಿದರು. "ಯಾರನ್ನ ಕೇಳಿ ಮಾಡಿದ್ರಿ?"

"ಅಂಚಲ್ಲಿ ಏನೋ ಹೆಂಗಸರ ಗೀಚು ಇತ್ತಮ್ಮ. ಉಪ್ಪಿನಕಾಯಿ, ಕೆಮ್ಮು, ಅಷ್ಟೇ," ಎಂದರು ಕಾರ್ಯದರ್ಶಿಗಳು.

"ಅದು ನಮ್ಮತ್ತೆ ಬರ್ದಿದ್ದು. ಮಾವ ಹಾಳೆಯೆಲ್ಲ ತುಂಬ್ಸಿ, ಮಗನಿಗೆ ನೀನೂ ಏನಾದ್ರೂ ಬರಿ ಅಂತ ಅತ್ತೆಗೆ ಅಂಚು ಮಾತ್ರ ಬಿಡ್ತಿದ್ರು. ಅದನ್ನೂ ಕತ್ತರಿಸಿಬಿಟ್ರಾ?"

ಕಸದ ಬುಟ್ಟಿಯಲ್ಲಿ ಇನ್ನೂ ಉಳಿದಿದ್ದ ಚೂರುಗಳನ್ನು ಆಕೆ ನೆಲಕ್ಕೆ ಸುರಿದು, ಅಕ್ಷರ ಹೊಂದಿಸಿ ಕೊಡುತ್ತಾ ಹೋದರು. ಕಾರ್ಯದರ್ಶಿಗಳು ಅವನ್ನು ಆಯಾ ಹಾಳೆಗೆ ಅಂಟಿಸಿದರು. ಹಲವು ಚೂರುಗಳು ಸಿಗಲೇ ಇಲ್ಲ. ಪುಸ್ತಕ ಉಬ್ಬಿ, ಮುಚ್ಚಲು ಬಾರದಂತಾಯಿತು.

"ಬೇರೆ ರಟ್ಟು ಹಾಕಿಸ್ಲೇನಮ್ಮ?" ಎಂದು ಅವರು ಕೇಳಿದರು.

"ಬೇಡ, ಹಿಂಗೇ ಇಡಿ. ನೀವು ಮಾಡಿದ್ದು ನೋಡೋರಿಗೆ ಕಾಣ್ಲಿ," ಎಂದು ಆಕೆ ಮೆಟ್ಟಿಲಿಳಿದರು.