ಪ್ಲೇಟಿನಲ್ಲಿ ಅರ್ಧಕ್ಕೆ ನಿಂತ ಸೋಬಾನೆ

ಮಕ್ಕಳೇ, ನಮ್ಮವ್ವನ ಹಾಡು ಗ್ರಾಮಫೋನ್ ಪ್ಲೇಟಾಗಿತ್ತು ಎಂದರೆ ನೀವು ನಗುತ್ತೀರಿ. ಆಗಿದ್ದು ನಿಜ. ಅದರಿಂದ ಅವ್ವ ಪಟ್ಟ ಸಂಕಟವೂ ನಿಜ.

ಮದ್ದೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಮದುವೆಯೆಂದರೆ ಅವ್ವ, ಚಿಕ್ಕವ್ವ, ಪಕ್ಕದ ಮನೆಯ ಅತ್ತೆ, ಈ ಮೂವರೇ ಸೋಬಾನೆ ಹೇಳಬೇಕು. ಅವ್ವ ಎತ್ತಿದ ಸೊಲ್ಲು ಮುಗಿಯುವ ಮೊದಲೇ ಚಿಕ್ಕವ್ವ ಹಿಡಿಯುವಳು. ಅತ್ತೆಯ ದಪ್ಪ ದನಿ ಕೆಳಗಿನಿಂದ ಬಂದು ಎರಡನ್ನೂ ಹೊತ್ತುಕೊಳ್ಳುತ್ತಿತ್ತು. ಹಾಡಿನೊಳಗೆ ಮದುಮಗಳ ಹೆಸರು ಸೇರಿಸುವುದು ನಮ್ಮ ಕಡೆಯ ಪದ್ಧತಿ. ಹೆಸರು ಸೇರಿಸಿದ ಮೇಲೆ ಆರತಿ ಎತ್ತಿ ಹರಸುವ ತನಕ ನಿಲ್ಲಿಸಬಾರದು. ನಿಲ್ಲಿಸಿದರೆ ಆ ಹೆಣ್ಣಿಗೆ ಕೇಡು ಎಂದು ಅವ್ವ ನಂಬಿದ್ದಳು.

ಒಂದು ಮದುವೆಯಲ್ಲಿ ಇವರ ಹಾಡು ಕೇಳಿದ ಪ್ಲೇಟಿನವರು ಮೂವರನ್ನೂ ಬೆಂಗಳೂರಿಗೆ ಕರೆಸಿದರು. ವೀಳ್ಯಶಾಸ್ತ್ರವಾಗಿ ಮದುವೆ ಗೊತ್ತಾಗಿದ್ದ ನನ್ನನ್ನೂ ಅವ್ವ ರೈಲು ಹತ್ತಿಸಿಕೊಂಡಳು. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದ ಕೋಣೆಯೊಂದರಲ್ಲಿ ಮೂವರನ್ನೂ ನಿಲ್ಲಿಸಿದರು.

"ಯಾರ್ ಎಸ್ರು ಆಕನಕ್ಕೋ?" ಎಂದಳು ಚಿಕ್ಕವ್ವ.

"ಮದ್ವೆ ಇರದು ನಮ್ ಮಗೀಗ್ ತಾನೆ? ಅದ್ರುದೇ ಆಕು."

ಹಾಡು ಏರಿತು. ಸ್ವಲ್ಪ ಹೊತ್ತಿಗೆ ಪ್ಲೇಟಿನವರು ಕೈ ಬೀಸತೊಡಗಿದರು. ಪ್ಲೇಟು ತುಂಬಿತು, ಸಾಕು ಎನ್ನುತ್ತಿದ್ದರಂತೆ. ಅವರು ತಾಳ ಹಾಕುತ್ತಿದ್ದಾರೆ ಎಂದುಕೊಂಡು ಈ ಮೂವರು ಇನ್ನೂ ಜೋರಾಗಿ ಹೇಳಿದರು. ಆರತಿಯವರೆಗೂ ಹೇಳಿ ಮುಗಿಸಿಯೇ ಊರಿಗೆ ಬಂದೆವು.

ನನ್ನ ಮದುವೆಯ ಜವಳಿಗೆಂದು ನಾವು ನಾಲ್ವರೂ ಮದ್ದೂರಿಗೆ ಹೋದ ದಿನ ಹೋಟೆಲೊಂದರ ಒಳಗಿನಿಂದ ಅವ್ವನ ದನಿ ಬಂತು. ನಾವು ಹೆಂಗಸರು ಹೋಟೆಲಿನ ಮೆಟ್ಟಿಲು ಹತ್ತುವವರಲ್ಲ. ಬೀದಿಯಲ್ಲೇ ನಿಂತೆವು. ನನ್ನ ಹೆಸರು ಬಂದಾಗ ನಾಚಿ ಅತ್ತೆಯ ಬೆನ್ನ ಹಿಂದೆ ಸರಿದೆ. ಹಾಡಿನಲ್ಲಿ ಮದುಮಗಳು ಗಂಡನ ಮನೆಯ ಹೊಸ್ತಿಲಿಗೆ ಬಂದು ನಿಂತಳು. ಅಷ್ಟೇ, ಆಮೇಲೆ ಪ್ಲೇಟಿನ ಮೇಲೆ ಬರೀ ಮುಳ್ಳು ಗೀರುವ ಸದ್ದು.

"ಅಯ್ಯೋ, ಮಗೀನ ಒಸ್ಲಲ್ಲೇ ನಿಲ್ಸ್‌ಬುಟ್ರಲ್ಲಪ್ಪ!" ಅವ್ವನ ಮುಖ ಬಿಳಿಚಿಕೊಂಡಿತು. ಗಂಡಸರೆದುರು ಬಾಯಿ ಬಿಡದವಳು ಹೋಟೆಲಿನವನನ್ನು ಕೂಗಿ ಕರೆದಳು. "ಅಣ್ಣ, ಇನ್ಮ್ಯಾಕೆ ಅದ ಆಕ್‌ಬ್ಯಾಡ ಕಣಣ್ಣ. ಆಡು ಮುಗ್ದಿಲ್ಲ."

"ಜನ ಅದ್ನೇ ಕೇಳ್ತರೆ ಕಣಮ್ಮ. ಆಕ್ದೆ ಪೂಜೆ ಮಾಡ್ಲಾ?" ಎಂದು ಅವನು ಮತ್ತೆ ಕೀಲಿ ಕೊಟ್ಟ.

ಈ ಸಲ ಮುಳ್ಳು ಗೀರತೊಡಗಿದ್ದೇ ತಡ, ಅವ್ವ ನಡುಬೀದಿಯಲ್ಲಿ ಉಳಿದ ಸೊಲ್ಲು ಎತ್ತಿದಳು. ಚಿಕ್ಕವ್ವ, ಅತ್ತೆ ಕೂಡಿಕೊಂಡರು. ಕಾಫಿ ಲೋಟ ಹಿಡಿದ ಗಂಡಸರು ಹೊರಗೆ ಬಂದರು.

"ಲೇ, ಪ್ಲೇಟು ಬೀದಿಗ್ ಬಂದದೆ ನೋಡ್ರುಲಾ!"

"ಒನ್ಸ್ ಮೋರ್!"

ಆರತಿ ಮುಗಿಯಿತು. ಅವ್ವ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಒಳಗೆ ಮತ್ತೆ ಅದೇ ಹಾಡು ಮೊದಲಿಂದ ಶುರುವಾಯಿತು.

"ನಡಿಯಕ್ಕ," ಎಂದಳು ಚಿಕ್ಕವ್ವ. "ಮಂಡ್ಯದಲ್ ಆಕ್ತರೆ, ಮಳವಳ್ಳೀಲ್ ಆಕ್ತರೆ. ಎಲ್ಲೆಲ್ ನಿಂತ್ಕಂಡು ಮುಗ್ಸೀಯೆ?"

ನನ್ನ ಮದುವೆ ಸಾಂಗವಾಗಿಯೇ ನಡೆಯಿತು. ಅವ್ವ ಆರತಿ ಪದವನ್ನು ಹೇಳಿದ್ದನ್ನೇ ಹೇಳಿ ಬೀಗರಿಗೆ ಬೇಸರ ಬರಿಸಿದಳು. ಕೆಲವು ವರ್ಷಕ್ಕೆ, ನಿಮ್ಮಪ್ಪ ಇನ್ನೂ ಅಂಬೆಗಾಲಿಡುವಾಗ, ನಿಮ್ಮ ತಾತ ಜ್ವರದಲ್ಲಿ ತೀರಿಕೊಂಡರು. ಮಳವಳ್ಳಿ ಕಡೆಯ ನನ್ನ ಗಂಡನ ಮನೆಗೆ ಬಂದ ಅವ್ವ ನನ್ನ ಮುಖ ನೋಡಲಿಲ್ಲ.

"ಜ್ವರದಿಂದ ಕಣವ್ವ. ಪ್ಲೇಟಿನ್ ಆಡಿಂದಲ್ಲ," ಎಂದೆ.

"ನಿಂಗೇನ್ ಗೊತ್ತು, ಸುಮ್ಕಿರು," ಎಂದಳು. ಅಂದಿನಿಂದ ಅವಳು ಯಾರ ಮದುವೆಗೂ ಹಾಡಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಚಿಕ್ಕವ್ವನ ಮಗಳ ಮದುವೆ. ಗಂಡನಿಲ್ಲದ ನಾನು ಚಪ್ಪರದಲ್ಲಿ ನಿಲ್ಲುವಂತಿರಲಿಲ್ಲ. ಹಾಡಲು ಕರೆದರೂ ಹೋಗದೆ ಅವ್ವ ಒಳಮನೆಯಲ್ಲಿ ನನ್ನ ಪಕ್ಕ ಕೂತಳು. ಹೊರಗೆ ಚಿಕ್ಕವ್ವ ಸೊಲ್ಲು ಎತ್ತಿದಳು. ಹಾಡು ಹೊಸ್ತಿಲಿಗೆ ಬಂದಾಗ ಅವ್ವ ನನ್ನ ಮಣಿಕಟ್ಟು ಹಿಡಿದಳು, ನೋಯುವಷ್ಟು ಬಿಗಿಯಾಗಿ. ಆರತಿಯ ಕೊನೆಯ ಸೊಲ್ಲು ನಿಲ್ಲುವವರೆಗೂ ಬಿಡಲಿಲ್ಲ.

"ಮುಗೀತಾ?" ಎಂದಳು.

"ಮುಗೀತು ಕಣವ್ವ."

"ಪೂರ್ತೀನಾ?"

"ಪೂರ್ತಿ."