ಕೋಡಿಗೆ ಅಡ್ಡವಿಟ್ಟ ಚೀಲ

ತೂಬಿನ ಕಲ್ಲುಕಂಬಗಳ ನಡುವೆ ಸಿಕ್ಕಿಕೊಂಡ ತೆಂಗಿನ ಗರಿಯನ್ನು ಸಣ್ಣತಿಮ್ಮಯ್ಯ ಕುಡುಗೋಲಿನಿಂದ ಎಳೆಯುತ್ತಿದ್ದಾರೆ. ಅದು ಬರುತ್ತಿಲ್ಲ. ಬೆಳಕು ಇನ್ನೂ ಹರಿದಿಲ್ಲ, ನೀರು ಸೊಂಟದ ತನಕ. ಕೊನೆಗೂ ಗರಿ ಕಿತ್ತು ದಡಕ್ಕೆಸೆದು ಮೆಟ್ಟಿಲ ಕಡೆ ನೋಡುತ್ತಾರೆ. ಒಂಬತ್ತರಲ್ಲಿ ಎಂಟು ಮುಳುಗಿವೆ; ಒಂಬತ್ತನೆಯದೂ ಮುಳುಗಿದರೆ ನೀರು ಏರಿಯನ್ನೇ ಹತ್ತುತ್ತದೆ. ತೂಬು ಪೂರ್ತಿ ಎತ್ತಿದರೂ ಇಳಿಯುತ್ತಿಲ್ಲ. ಹಿಂಗಾರು ಮಳೆ ಬಾಕಿಯಿದೆ.

ಹಂದನಕೆರೆ ಸೀಮೆಯ ಈ ಕೆರೆಗೆ ಅವರು ನೀರುಗಂಟಿ. ತೂಬು ಎತ್ತಿ ಇಳಿಸಿ ತೋಟಗಳಿಗೆ ಸರದಿಯಂತೆ ನೀರು ಬಿಡುವ ಈ ಕೆಲಸ ಅಪ್ಪನಿಂದ ಬಂದದ್ದು. ಅವರಿಗೀಗ ಅರವತ್ತೆರಡು. ದಿನಕ್ಕೆರಡು ಸಲ ಏರಿಯ ಮೇಲೆ ಏಳುನೂರ ಹತ್ತು ಹೆಜ್ಜೆ ನಡೆದು, ಇಲಿಬಿಲ, ಏಡಿತೂತು ಕಂಡಲ್ಲಿ ಮಣ್ಣು ಮೆತ್ತುತ್ತಾರೆ. ಏರಿಯ ಕೆಳಗೆ ಇಪ್ಪತ್ತಾರು ಮನೆ. ಅವರದೂ ಒಂದು.

ಹದಿನೇಳು ವರ್ಷ ತುಂಬದ ಕೆರೆ ಎರಡು ವರ್ಷದ ಹಿಂದೆ ತುಂಬಿತು. ಹೆಚ್ಚಾದ ನೀರು ಕೋಡಿಯಲ್ಲಿ ಹೊರಗೆ ಹರಿಯುವುದನ್ನು ಊರವರಿಗೆ ನೋಡಲಾಗಲಿಲ್ಲ. ಗೊಬ್ಬರದ ಚೀಲಗಳಿಗೆ ಮಣ್ಣು ತುಂಬಿ ಕೋಡಿಗೆ ಅಡ್ಡ ಪೇರಿಸಿ, ಮೇಲೆ ಸಿಮೆಂಟು ಬಳಿದರು. ಮೊದಲ ಚೀಲ ಹೊತ್ತವರು ಸಣ್ಣತಿಮ್ಮಯ್ಯ. “ಹರ್ದೋಗೋ ನೀರು ನೋಡುದ್ರೆ ಹೊಟ್ಟೆ ಉರಿಯೋದು ಕಣಮ್ಮ,” ಎನ್ನುತ್ತಾರೆ, ಕೆರೆ ನೋಡಲು ಬಂದ ನನ್ನೊಡನೆ.

ಮೂರು ತಿಂಗಳ ಹಿಂದೆ ತಿಪಟೂರಿನಲ್ಲಿ ನೀರುಗಂಟಿಗಳಿಗೆ ತರಬೇತಿ ನಡೆಯಿತು. ಪ್ರವಾಹಕ್ಕೆ ಯಾವ ದೇಶ ಹೇಗೆ ಸಜ್ಜಾಗುತ್ತದೆಂದು ಎಂಜಿನಿಯರ್ ಪುಷ್ಪಲತಾ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಹಾಲೆಂಡಿನವರು ನದಿಗೆ ಹರಡಿಕೊಳ್ಳಲು ಹೊಲವನ್ನೇ ಬಿಟ್ಟುಕೊಡುತ್ತಾರೆ. ಜಪಾನಿನವರು ನೆಲದಡಿ ಅರಮನೆಯಂಥ ತೊಟ್ಟಿ ಕಟ್ಟಿದ್ದಾರೆ. ಬಾಂಗ್ಲಾದೇಶದಲ್ಲಿ ಚಂಡಮಾರುತ ಬರುವ ಮೊದಲೇ ಊರಿನವರೇ ಬಾವುಟ, ಮೈಕು ಹಿಡಿದು ಮನೆಮನೆಗೆ ಹೋಗುತ್ತಾರೆ. ಅಂದಿನಿಂದ ಸಣ್ಣತಿಮ್ಮಯ್ಯನವರಿಗೆ ದಿಕ್ಕು ತಿಳಿಯುತ್ತಿಲ್ಲ.

“ಒಬ್ರು ನೀರಿಗೆ ಜಾಗ ಬುಡು ಅಂತಾರೆ, ಇನ್ನೊಬ್ರು ಬಚ್ಚಿಡು ಅಂತಾರೆ, ಮತ್ತೊಬ್ರು ಜನಾನೇ ಎಬ್ಬುಸ್ತಾರೆ. ನಮ್ದು ಯಾವ್ದು? ಬಾ ತಾಯಿ ಅಂತ ಹರಕೆ ಹೊತ್ತ ಬಾಯಲ್ಲಿ ಹೋಗು ಅನ್ನೋದೆಂಗೆ? ಆದ್ರೆ ಒಂದು. ನೀರು ಹೋಗೋ ಬಾಗ್ಲು ಮುಚ್ಚಿ ಮಲೀಕಳಿ ಅಂತ ಯಾವ ದೇಶದೋರೂ ಹೇಳ್ಲಿಲ್ಲ.”

ಚೀಲ ತೆಗೆಸಬೇಕೆಂದು ಅಂದೇ ಪುಷ್ಪಲತಾ ಅವರಿಗೆ ಕಾಗದ ಬರೆದರು. ತೋಟದವರು ಏನೆನ್ನುವರೋ ಎಂದು ಅಂಚೆಗೆ ಹಾಕಲಿಲ್ಲ. ಅದು ಗಂಗಮ್ಮನ ಪಟದ ಹಿಂದೆ ಉಳಿಯಿತು. “ಗಂಗಮ್ಮನೇ ಪೋಸ್ಟಿಗೆ ಹೋಗ್ಬುಟ್ಟು ಬತ್ತಾಳಾ?” ಎಂದು ಹೆಂಡತಿ ಹುಚ್ಚಕ್ಕ ದಿನವೂ ಚುಚ್ಚುತ್ತಾರೆ.

ಬೆಳಕು ಹರಿದಾಗ, ಕೋಡಿ ಪಕ್ಕದ ತೋಟದ ಶ್ರೀರಂಗಯ್ಯ ಬೇವಿನಕಡ್ಡಿ ಅಗಿಯುತ್ತ ಏರಿಗೆ ಬರುತ್ತಾರೆ.

“ಎಂಟು ಮುಳುಗೈತೆ ಯಜಮಾನ್ರೆ. ಚೀಲ ಕೀಳ್ಸಾನ.”

“ಬ್ಯಾಸ್ಗೇಲಿ ನನ್ ತೋಟಕ್ಕೆ ಹಾಲೆಂಡಿನೋರು ಬಂದು ನೀರು ಕಟ್ತಾರೇನ್ಲಾ?” ತರಬೇತಿಯ ಕತೆ ಕೇಳಿದ್ದ ಶ್ರೀರಂಗಯ್ಯ ನಗುತ್ತಾರೆ. “ಹೊತ್ತೋನೂ ನೀನೇ, ಕೀಳು ಅನ್ನೋನೂ ನೀನೇ. ಯಾವ್ದಾನಾ ಒಂದು ಹೇಳು.”

ಸಣ್ಣತಿಮ್ಮಯ್ಯ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಏರಿ ಇಳಿಯುತ್ತಾರೆ. ಮನೆಗೆ ಬಂದವರೇ ಪಟದ ಹಿಂದಿನ ಕಾಗದ ತೆಗೆದು, ಕೆಳಗೆ ಇನ್ನೆರಡು ಸಾಲು ಸೇರಿಸುತ್ತಾರೆ: ‘ಮೊದಲ ಚೀಲ ಹೊತ್ತವನು ನಾನೇ. ಕೀಳುವಾಗಲೂ ಮೊದಲು ನನ್ನನ್ನೇ ಕರೆಯಿರಿ.’

ಫೋನಿನಲ್ಲೇ ಹೇಳಬಹುದಲ್ಲ ಎಂದು ನಾನು ಕೇಳಿದರೆ ತಲೆಯಾಡಿಸುತ್ತಾರೆ. “ಫೋನಲ್ಲಿ ಅಂದಿದ್ದು ಗಾಳಿಗೋಯ್ತದೆ. ಕಾಗ್ದ ಆದ್ರೆ ಯಾರಾನಾ ಸೈನ್ ಹಾಕಿ ಈಸ್ಕಬೇಕು. ಒಂಬತ್ನೇ ಮೆಟ್ಲು ಒಣಗೇ ಇದ್ರೆ ಸಾಕು ಕಣಮ್ಮ, ಇನ್ನೇನೂ ಬ್ಯಾಡ.”

ಹಂದನಕೆರೆ ಅಂಚೆ ಕಚೇರಿಯ ಬಾಗಿಲು ತೆರೆಯುವಾಗ ಮೆಟ್ಟಿಲ ಮೇಲೆ ಅವರೊಬ್ಬರೇ. ಪಂಚೆಯ ಅಂಚು ಇನ್ನೂ ಒದ್ದೆ. ಕಾಗದ ಕಿಟಕಿಯೊಳಗೆ ಹೋಗುತ್ತದೆ, ಮೊಹರು ಬೀಳುತ್ತದೆ.