ತೊರೆಯ ಕೆಸರಲ್ಲಿ ನಿಂತ ಕೋರ್ಟು

ನಮ್ಮ ಟಾಲ್ಮನ್ ಕೌಂಟಿಗೆ, ಅಂದರೆ ಜಿಲ್ಲೆಗೆ, ಈವರೆಗೆ ಮೂರು ಕೋರ್ಟುಗಳಾಗಿವೆ. ಮೂರನ್ನೂ ಗುಡಿಸಿದವಳು ಆರ್ಫಾ ಕಿಮ್ಮೆಲ್. ಊರಿಗೆಲ್ಲ ಆರ್ಫಾ ಅತ್ತೆ.

ಮೊದಲನೆಯದು ವಿಲೋ ಬೆಂಡ್ ಊರಿನಲ್ಲಿ ಮಣ್ಣುಹೆಂಟೆಯಿಂದ ಕಟ್ಟಿದ ಒಂದೇ ಕೋಣೆ. ಮಳೆ ಬಂದರೆ ಸೂರಿನ ಕೆಸರು ವಕೀಲರ ಟೋಪಿಯ ಮೇಲೇ ಬೀಳುತ್ತಿತ್ತು. ಎರಡನೆಯದನ್ನು ಊರವರೇ ಸೇರಿ ಹಲಗೆಯಲ್ಲಿ ಕಟ್ಟಿದರು. ಅದರ ಮೆಟ್ಟಿಲು ಮಾಡಿದವನು ಅತ್ತೆಯ ಗಂಡ ಲೀವೈ. ಮುಂದಿನ ಚಳಿಗಾಲಕ್ಕೆ ಅವನು ಜ್ವರದಲ್ಲಿ ಹೋಗಿಬಿಟ್ಟ.

ಆಮೇಲೆ ರೈಲು ಬಂತು, ಆದರೆ ಹನ್ನೆರಡು ಮೈಲಿ ಆಚೆಯ ಮಾರ್ಸ್‌ಡೆನ್ ಊರಿಗೆ. ೧೮೮೭ರ ಮತದಾನದಲ್ಲಿ ಮೂವತ್ತೊಂದು ವೋಟುಗಳಿಂದ ಕೌಂಟಿ ಕೇಂದ್ರವೂ ಅಲ್ಲಿಗೇ ಹೋಯಿತು. ಗೆದ್ದವರು ನಲವತ್ತು ಕುದುರೆ ತಂದು, ಕೋರ್ಟನ್ನೇ ತಮ್ಮೂರಿಗೆ ಎಳೆದೊಯ್ಯಲು ಬುಡಸಮೇತ ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಅತ್ತೆ ಮಾತ್ರ ಒಳಗಿಂದ ಹೊರಬರಲಿಲ್ಲ.

"ಇಳೀರಿ ಅತ್ತೆ, ಕಟ್ಟಡ ಅಲುಗಾಡುತ್ತೆ," ಎಂದ ಮೇಸ್ತ್ರಿ ಏಮಸ್.

"ಅಲುಗಾಡ್ಲಿ ಬಿಡಪ್ಪ. ದಾರೀಲಿ ನೀವು ತುಂಬೋ ಧೂಳನ್ನ ಯಾರು ಗುಡಿಸ್ತಾರೆ?"

ನಾಲ್ಕು ದಿನಕ್ಕೆ ಆರು ಮೈಲಿ ಸಾಗಿತು. ಪ್ಲಮ್ ತೊರೆಯಲ್ಲಿ ಮುಂಭಾಗ ಕೆಸರಿಗಿಳಿದು ಕೋರ್ಟು ವಾಲಿ ನಿಂತಿತು. ಕುದುರೆಗಳು ಸೋತವು. ಹಾಗೆ ಸಿಕ್ಕಿಬಿದ್ದ ಮೂರನೆಯ ದಿನ ನಿಲ್ಸ್ ಎಂಬ ಸ್ವೀಡಿಷ್ ರೈತ ತನ್ನ ಹುಡುಗಿಯೊಂದಿಗೆ ಬಂದ. ಮದುವೆಯ ಪರವಾನಗಿಗಾಗಿ ಎರಡೂ ಊರು ಅಲೆದಿದ್ದ. ಕೋರ್ಟಿನ ಗತಿ ನೋಡಲು ಜಡ್ಜ್ ಪ್ರುಯಿಟ್ ಕುದುರೆಯೇರಿ ಬಂದಿದ್ದರು.

"ಈಗ ಕೌಂಟಿ ಕೇಂದ್ರ ಎಲ್ಲಿದೆ, ಸಾಹೇಬ್ರೆ?" ಎಂದು ನಿಲ್ಸ್ ಕೇಳಿದ.

"ಕೋರ್ಟು ಎಲ್ಲಿದ್ಯೋ ಅಲ್ಲೇ. ಬೂಟು ಬಿಚ್ಚಿ ಹತ್ತಿ, ಈಗಷ್ಟೇ ಗುಡಿಸಿದ್ದಾರೆ!" ಎಂದರು ಜಡ್ಜ್.

ಜಾರುವ ಮೇಜನ್ನು ಅತ್ತೆ ಸೊಂಟದಿಂದ ಒತ್ತಿ ಹಿಡಿದಳು, ಜಡ್ಜ್ ಪರವಾನಗಿ ಬರೆದು ಅಲ್ಲೇ ಮದುವೆಯನ್ನೂ ಮಾಡಿಸಿದರು. ಬಯಲಲ್ಲಿ ಒಲೆ ಹೂಡಿ ಎಲ್ಲರಿಗೂ ಜೋಳದ ರೊಟ್ಟಿ, ಕಾಫಿ ಕೊಟ್ಟಳು. ಮಧ್ಯಾಹ್ನ ಜಡ್ಜರ ಕುದುರೆಯನ್ನೇ ಕೇಳಿ ಪಡೆದು, ಎತ್ತುಗಳ ನೆರವು ಕೇಳಲು ವಿಲೋ ಬೆಂಡ್‌ಗೆ ಹೊರಟಳು.

"ಗೆದ್ದೋರು ಅವರಲ್ವಾ, ಅವರೇ ಎಳ್ಕೊಳ್ಲಿ," ಎಂದು ಮುಖ ತಿರುಗಿಸಿದ ಅಲ್ಲಿನ ಕಮ್ಮಾರ ಹೊರೇಸ್.

"ಆ ಮೆಟ್ಟಿಲು ನನ್ನ ಲೀವೈ ಮಾಡಿದ್ದು. ಮೊಳೆ ಮಾಡಿಕೊಟ್ಟೋನು ನೀನು. ಕೆಸರಲ್ಲಿ ಕೊಳೀಲಿ ಅಂತೀಯಾ, ಹೊರೇಸ್?"

ಮರುದಿನ ಬೆಳಿಗ್ಗೆ ತೊರೆಗೆ ಬಂದ ಹದಿನೆಂಟು ಜೋಡಿ ಎತ್ತುಗಳ ಮುಂದೆ ಹೊರೇಸನೇ ಇದ್ದ. ಮಧ್ಯಾಹ್ನದೊಳಗೆ ಕೋರ್ಟು ದಡ ಹತ್ತಿತು.

"ನಿಮ್ಮ ಕುದುರೆಗಳಿಗೆ ವೋಟ್ ಹಾಕೋದೊಂದೇ ಗೊತ್ತೇನ್ರೋ?" ಎಂದು ಛೇಡಿಸುತ್ತ ವಿಲೋ ಬೆಂಡಿನವರು ಮಾರ್ಸ್‌ಡೆನ್‌ವರೆಗೂ ಜೊತೆಗೆ ನಡೆದರು. ಅಲ್ಲಿ ಎರಡೂ ಊರಿನವರು ಒಂದೇ ಮೇಜಿನಲ್ಲಿ ಉಂಡರು. ತಮ್ಮ ಕೋರ್ಟು ಬೇರೆಯವರ ಬೀದಿಯಲ್ಲಿ ನಿಂತದ್ದನ್ನು ನೋಡಿ ಹೊರೇಸ್ ಅತ್ತನಂತೆ.

೧೯೦೯ರಲ್ಲಿ ಇಟ್ಟಿಗೆಯ ಕೋರ್ಟು ಬಂತು. ನಾನು ಅಲ್ಲಿ ಗುಮಾಸ್ತನಾಗಿ ಸೇರಿದಾಗ ಅತ್ತೆಗೆ ಎಪ್ಪತ್ತು. ಆ ಕಟ್ಟಡ ಅವಳಿಗೆ ಹಿಡಿಸಲೇ ಇಲ್ಲ. ಒಮ್ಮೆ ಕೆಮ್ಮಿದರೂ ಮೂರು ಸಲ ಕೇಳುತ್ತದೆಂದು ಗೊಣಗುತ್ತಿದ್ದಳು. ಕೆಲಸ ಬಿಟ್ಟ ದಿನ ನಾವೆಲ್ಲ ಸೇರಿ ಒಂದು ತೂಗುಕುರ್ಚಿ ಕೊಟ್ಟೆವು.

"ಕೂತು ಅಭ್ಯಾಸ ಇಲ್ಲ ಕಣಪ್ಪ," ಎಂದಳು. ಆಮೇಲೆ ಅವಳ ಮನೆಗೆ ಹೋದಾಗಲೆಲ್ಲ ಆ ಕುರ್ಚಿಯ ಮೇಲೆ ಒಗೆದ ಬಟ್ಟೆ ಒಣಗುತ್ತಿರುವುದನ್ನು ನೋಡಿದ್ದೇನೆ.